ಹಗಲಿನ ಕರೆಂಟ್ ಹಿಡ್ಕೊಳ್ಳಿ: ಮನೆ, ಬೋರ್, ತೋಟಕ್ಕೆ ಪವರ್ ಪ್ಲ್ಯಾನ್ ಮಾಡ್ಕೊಳ್ಳೋದು ಹೇಗೆ

ನಮ್ಮಪ್ಪ ಎಷ್ಟೋ ವರ್ಷ ರಾತ್ರಿ ಎರಡು ಗಂಟೆಗೆ ಎದ್ದು ಕೈಯಲ್ಲಿ ಬ್ಯಾಟರಿ ಹಿಡ್ಕೊಂಡು ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಕ್ಕೆ ಹೋಗೋರು, ಬೋರ್ ಮೋಟರ್ ಓಡಿಸೋ ತ್ರೀ ಫೇಸ್ ಕರೆಂಟ್ ಬರ್ತಿದ್ದದ್ದೇ ಆ ಹೊತ್ತಿಗೆ. ಹಾವು ಹುಳ ಅಂತ ಹೆದರಿ ಅಮ್ಮ ಅವರು ವಾಪಸ್ ಬರೋವರೆಗೂ ಬಾಗಿಲಲ್ಲೇ ಕೂತಿರೋರು. ಶಿಡ್ಲಘಟ್ಟ ಕಡೆ ಈ ಕಥೆ ಇಲ್ಲದ ಮನೆ ಸಿಗಲ್ಲ. ಈಗ ನಮ್ಮ ಫೀಡರ್‌ನಲ್ಲಿ, ಅಂದ್ರೆ ಸಬ್‌ಸ್ಟೇಷನ್‌ನಿಂದ ನಮ್ಮ ಕಡೆಗೆ ಬರೋ ಲೈನಲ್ಲಿ, ತ್ರೀ ಫೇಸ್ ಬೆಳಗ್ಗೆ ಬರುತ್ತೆ, ಸಂಜೆಯೊಳಗೆ ಹೋಗುತ್ತೆ. ಆದ್ರೆ ಸಂಜೆ ಏಳು ಆಯ್ತು ಅಂದ್ರೆ ಮನೇಲಿ ಲೈಟ್ ಮಂಕಾಗುತ್ತೆ, ಫ್ಯಾನ್ ನಿಧಾನ ಆಗುತ್ತೆ, ಬೇಸಿಗೇಲಿ ಒಂದೊಂದು ದಿನ ಪೂರ್ತಿ ಹೋಗುತ್ತೆ. ಅಂದ್ರೆ ಕರೆಂಟ್ ಬರೋ ಹೊತ್ತೇ ಬದಲಾಗಿದೆ, ನಾವು ಮಾತ್ರ ಇನ್ನೂ ಹಳೇ ಲೆಕ್ಕದಲ್ಲೇ ಇದೀವಿ. ಅದಕ್ಕೇ ಇದನ್ನ ಕೂತು ಬರೀತಿದ್ದೀನಿ, ನಾನು ನಮ್ಮ ಮನೆ ಮತ್ತು ಎರಡು ಬೋರ್‌ಗೆ ಪ್ಲ್ಯಾನ್ ಮಾಡ್ಕೊಂಡಿದ್ದು, ದುಡ್ಡು ಕಳ್ಕೊಂಡಿದ್ದು, ಆಮೇಲೆ ಸರಿ ಮಾಡ್ಕೊಂಡಿದ್ದು ಎಲ್ಲಾ ಸೇರಿಸಿ.

ಮೊದಲು ಯಾಕೆ ಹಿಂಗಾಯ್ತು ಅಂತ ಒಂಚೂರು ತಿಳ್ಕೊಳ್ಳಿ, ಇದು ಗೊತ್ತಿಲ್ದೆ ಏನು ಕೊಂಡ್ರೂ ತಪ್ಪಾಗುತ್ತೆ. ನಮ್ಮ ಕೋಲಾರ ಸೀಮೆಗೆ ಕರೆಂಟ್ ಹೊಸದಲ್ಲ, 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಲೈನ್ ಎಳೆದಿದ್ರು, ಬೆಂಗಳೂರಿನ ಬೀದಿ ದೀಪಕ್ಕೆ ಬಂದಿದ್ದು 1905ರಲ್ಲಿ. ಆಮೇಲೆ 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಸಾವಿರದ ಮುನ್ನೂರು ಕಿಲೋಮೀಟರ್‌ಗೂ ಉದ್ದದ ಡಿಸಿ ಲೈನ್ ಬಂತು, 2000 ಮೆಗಾವ್ಯಾಟ್‌ದು, ಅಲ್ಲಿ ಕಲ್ಲಿದ್ದಲು ಸುಟ್ಟ ಕರೆಂಟ್ ಇಲ್ಲಿಗೆ. ನೀರಿನ ಕರೆಂಟು, ಕಲ್ಲಿದ್ದಲಿನ ಕರೆಂಟು ಎರಡಕ್ಕೂ ಹಗಲು ರಾತ್ರಿ ಅಂತ ಭೇದ ಇಲ್ಲ, ಬೇಕಾದಾಗ ಮಾಡಬಹುದು. ಸೋಲಾರ್ ಹಂಗಲ್ಲ. ತುಮಕೂರು ಜಿಲ್ಲೆ ಪಾವಗಡದಲ್ಲಿ ತಿರುಮಣಿ, ಬಳಸಮುದ್ರ, ವಳ್ಳೂರು ಕಡೆ ಸುಮಾರು 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟ್ ಪಾರ್ಕ್ ಇದೆ, ರೈತರ ಜಮೀನನ್ನ ಕೊಂಡ್ಕೊಳ್ದೆ ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು ಮಾಡಿ ಗುತ್ತಿಗೆಗೆ ತಗೊಂಡಿದ್ದು. ಮಧ್ಯಾಹ್ನ ಅಲ್ಲಿಂದ ಧಾರಾಳವಾಗಿ ಬರುತ್ತೆ, ಸೂರ್ಯ ಮುಳುಗಿದ ಮೇಲೆ ಸೊನ್ನೆ. ಆದ್ರೆ ನಾವೆಲ್ಲ ಲೈಟು, ಟಿವಿ, ಮಿಕ್ಸಿ, ಗೀಸರ್ ಹಾಕೋದು ಆವಾಗ್ಲೇ ತಾನೆ. ಆ ಹೊತ್ತಿನ ಕೊರತೆಯನ್ನ ಡ್ಯಾಂ ನೀರು, ಕಲ್ಲಿದ್ದಲು, ಗಾಳಿ, ಹೊರಗಿಂದ ಕೊಂಡದ್ದು ಎಲ್ಲಾ ಸೇರಿ ತುಂಬಬೇಕು. ಮಳೆ ಕೈಕೊಟ್ಟ ವರ್ಷ ಏನಾಗುತ್ತೆ ಅಂತ 2023ರ ಅಕ್ಟೋಬರ್‌ನಲ್ಲಿ ನೋಡಿದ್ವಲ್ಲ, ಡ್ಯಾಂ ಖಾಲಿ, ಪಂಪ್‌ಸೆಟ್‌ಗಳು ಒಂದೇ ಸಮ ಎಳೆದ್ವು, ಏಳು ಗಂಟೆ ಕೊಡೋ ತ್ರೀ ಫೇಸ್ ಐದು ಗಂಟೆಗೆ ಇಳಿದು ಊರೂರಲ್ಲಿ ಗಲಾಟೆ ಆಯ್ತು.

ಇದರ ಜೊತೆಗೆ ಈಗ ಪಿಎಂ ಕುಸುಮ್ ಸಿ ಅಂತ, ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಪ್ಲಾಂಟ್ ಹಾಕಿ ಅಲ್ಲಿಂದ ನೇರ ಕೃಷಿ ಫೀಡರ್‌ಗೆ ಹಗಲಲ್ಲೇ ಕೊಡೋ ಯೋಜನೆ ನಡೀತಿದೆ, 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆ ಗೌರಿಬಿದನೂರು ತಾಲ್ಲೂಕಲ್ಲೇ ಉದ್ಘಾಟನೆ ಆಯ್ತು. ನನಗೆ ಇದು ಮನಸಾರೆ ಇಷ್ಟವಾದ ಕೆಲಸ. ರಾತ್ರಿ ನೀರು ಕಟ್ಟೋಕೆ ಹೋಗಿ ಹಾವು ಕಚ್ಚಿಸ್ಕೊಂಡೋರನ್ನ, ಶಾಕ್ ಹೊಡೆಸ್ಕೊಂಡೋರನ್ನ ಕಣ್ಣಾರೆ ನೋಡಿರೋನು ನಾನು.

ಹಾಗಾಗಿ ಇಡೀ ಪ್ಲ್ಯಾನ್‌ನ ತಿರುಳು ಇಷ್ಟೇ. ಹಗಲಿಗೆ ತಳ್ಳಕ್ಕಾಗೋ ಕೆಲಸನೆಲ್ಲ ಹಗಲಿಗೆ ತಳ್ಳಿ, ಕರೆಂಟ್ ಕೂಡಿಡೋ ಬದಲು ನೀರು ಕೂಡಿಡಿ, ಬ್ಯಾಟರಿ ಅನ್ನೋದನ್ನ ಕಾಯಕ್ಕಾಗದ ಕೆಲಸಕ್ಕೆ ಮಾತ್ರ ಇಟ್ಕೊಳ್ಳಿ.

ಶುರು ಮಾಡೋದು ಒಂದು ನೋಟ್‌ಬುಕ್ಕಿಂದ

ಯಾವ ಅಂಗಡಿಗೂ ಹೋಗೋ ಮುಂಚೆ ಹದಿನೈದು ದಿನ ಬರೆದಿಡಿ. ತೋಟದಲ್ಲಿ ತ್ರೀ ಫೇಸ್ ಎಷ್ಟೊತ್ತಿಗೆ ಬಂತು, ಎಷ್ಟೊತ್ತಿಗೆ ಹೋಯ್ತು, ನಡುವೆ ಎಷ್ಟು ಸಲ ಟ್ರಿಪ್ ಆಯ್ತು. ಮನೇಲಿ ಎಷ್ಟೊತ್ತು ಹೋಗಿತ್ತು, ಸಂಜೆ ವೋಲ್ಟೇಜ್ ಎಷ್ಟಿತ್ತು. ವೋಲ್ಟೇಜ್ ನೋಡಕ್ಕೆ ಸಾಕೆಟ್‌ಗೆ ಚುಚ್ಚೋ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತೆ, ದೊಡ್ಡ ಖರ್ಚಲ್ಲ. ಸಿಂಗಲ್ ಫೇಸ್‌ನಲ್ಲಿ ಇರಬೇಕಾದ್ದು 230, ನಮ್ಮನೇಲಿ ಮಾರ್ಚ್ ತಿಂಗಳ ಸಂಜೆ 175 ತೋರಿಸ್ತಿತ್ತು. ಇದನ್ನ ಬರೆದಿಟ್ಟಿದ್ದಕ್ಕೇ ನನಗೆ ಗೊತ್ತಾಗಿದ್ದು ನಮ್ಮ ಸಮಸ್ಯೆ ಕರೆಂಟ್ ಹೋಗೋದಲ್ಲ, ಲೋ ವೋಲ್ಟೇಜ್ ಅಂತ, ಎರಡಕ್ಕೂ ಮದ್ದು ಬೇರೆ ಬೇರೆ. ಲೋ ವೋಲ್ಟೇಜ್‌ಗೆ ಇನ್ವರ್ಟರ್ ತಂದಿಟ್ರೆ ಅದು ದಿನಾ ಸಂಜೆ ಬ್ಯಾಟರಿಗೆ ಹೋಗಿ ಹೋಗಿ ಎರಡೇ ವರ್ಷಕ್ಕೆ ಬ್ಯಾಟರಿ ಸಾಯುತ್ತೆ, ಅಲ್ಲಿ ಬೇಕಾಗಿರೋದು ಟಿಸಿ (ಟ್ರಾನ್ಸ್‌ಫಾರ್ಮರ್) ಲೋಡ್ ಸರಿ ಮಾಡ್ಸೋದು, ಅದಾಗೋವರೆಗೂ ಫ್ರಿಜ್‌ಗೊಂದು ಸ್ಟೆಬಿಲೈಸರ್.

ಬೆಸ್ಕಾಂ ಸೆಕ್ಷನ್ ಆಫೀಸ್‌ಗೆ ಒಂದ್ಸಲ ಹೋಗಿ ನಿಮ್ಮ ಫೀಡರ್ ಹೆಸರೇನು, ಹಳ್ಳಿ ಲೈನು ಮತ್ತು ಪಂಪ್‌ಸೆಟ್ ಲೈನು ಬೇರೆ ಮಾಡಿದಾರಾ, ತ್ರೀ ಫೇಸ್ ಶೆಡ್ಯೂಲ್ ಏನು ಅಂತ ಕೇಳಿ ಬರ್ಕೊಳ್ಳಿ. ನಿರಂತರ ಜ್ಯೋತಿ ಯೋಜನೆಯಲ್ಲಿ ಫೀಡರ್ ಬೇರೆ ಮಾಡಿರೋ ಊರಲ್ಲಿ ಮನೆಗೆ ಇಡೀ ದಿನ ಸಿಂಗಲ್ ಫೇಸ್ ಇರುತ್ತೆ. ತೋಟದ ಮನೆಗಳಿಗೆ ಆ ಭಾಗ್ಯ ಇರಲ್ಲ, ಅವರು ಪಂಪ್‌ಸೆಟ್ ಲೈನಲ್ಲೇ ಇರ್ತಾರೆ, ಅವರ ಪ್ಲ್ಯಾನೇ ಬೇರೆ ಆಗಬೇಕು.

ಕಾಯೋದು, ತಡೆಯೋದು, ಕಾಯಕ್ಕಾಗದ್ದು

ಮನೆಯಲ್ಲಿ, ತೋಟದಲ್ಲಿ ಕರೆಂಟ್ ತಿನ್ನೋ ಪ್ರತಿಯೊಂದನ್ನೂ ಪಟ್ಟಿ ಮಾಡಿ ಮೂರು ಪಾಲು ಮಾಡಿ. ಬೋರ್ ಮೋಟರ್, ಮೇವು ಕತ್ತರಿಸೋ ಮಷೀನು, ಹಿಟ್ಟಿನ ಗಿರಣಿ, ವಾಷಿಂಗ್ ಮಷೀನು, ದೋಸೆ ಹಿಟ್ಟು ರುಬ್ಬೋದು, ಟ್ಯಾಂಕ್ ತುಂಬ್ಸೋದು, ಇವೆಲ್ಲ ಕಾಯ್ತವೆ, ಹಗಲಿಗೆ ತಳ್ಳಿ. ಫ್ರಿಜ್ ಬಾಗಿಲು ತೆಗೀದೆ ಇದ್ರೆ ನಾಲ್ಕು ಗಂಟೆ ತಂಪು ಹಿಡಿದಿಡುತ್ತೆ, ಅದು ನಡುವಿನದು. ಕಾಯಕ್ಕಾಗದ್ದು ಮನೆ ಮನೆಗೂ ಬೇರೆ. ನಮ್ಮ ಕಡೆ ಚಾಕಿ ಮನೇಲಿ, ಅಂದ್ರೆ ರೇಷ್ಮೆ ಮರಿ ಹುಳ ಸಾಕೋ ಕೋಣೇಲಿ, ಹುಳಕ್ಕೆ 26ರಿಂದ 28 ಡಿಗ್ರಿ, ತೇವಾಂಶ 85ರ ಮೇಲೆ ಇರ್ಬೇಕು, ಹೀಟರ್ ಹ್ಯುಮಿಡಿಫೈಯರ್ ನಿಂತ್ರೆ ಬೆಳೆ ಹೋಗುತ್ತೆ. ರೀಲಿಂಗ್ (ರೇಷ್ಮೆ ನೂಲು ತೆಗೆಯೋದು) ಮಾಡೋರಿಗೆ ಗೂಡು ಬೇಯಿಸಿ ಆದ್ಮೇಲೆ ಕರೆಂಟ್ ಹೋದ್ರೆ ಆ ಲಾಟ್‌ನ ನೂಲು ಕೆಡುತ್ತೆ. ಹಸು ಇರೋರಿಗೆ ಬೆಳಗ್ಗೆ ಐದೂವರೆ, ಸಂಜೆ ಐದೂವರೆ ಹಾಲು ಕರೆಯೋ ಮಷೀನು, ಡೈರಿ ಟೈಮಿಗೆ ಹಾಲು ಹೋಗ್ಲೇಬೇಕಲ್ಲ. ಮನೇಲಿ ಆಕ್ಸಿಜನ್ ಮಷೀನ್ ಮೇಲಿರೋ ಹಿರಿಯರಿದ್ರೆ ಅದು ಎಲ್ಲಕ್ಕಿಂತ ಮೊದಲು.

ಈ ಮೂರನೇ ಪಾಲಿನ ವ್ಯಾಟ್ ಮಾತ್ರ ಕೂಡಿ. ನನಗೆ ಇದನ್ನ ಕೂಡಿದಾಗ ಆಶ್ಚರ್ಯ ಆಯ್ತು, ಇಡೀ ಮನೆ ತೋಟದ ಲೋಡ್ 12 ಕಿಲೋವ್ಯಾಟ್ ಮೇಲೆ ಇದ್ರೂ ಕಾಯಕ್ಕಾಗದ್ದು ಬರೀ 700 ವ್ಯಾಟ್ ಇತ್ತು. ಇಡೀ ಮನೆಗೆ ಬ್ಯಾಕಪ್ ಬೇಕು ಅಂತ ಅಂಗಡಿಯೋರು ಹೇಳ್ತಿದ್ದದ್ದನ್ನ ನಂಬಿದ್ರೆ ಎರಡು ಲಕ್ಷ ಸುರೀಬೇಕಿತ್ತು.

ನೀರು ಕೂಡಿಡಿ

ಇದು ನನಗೆ ಅತಿ ಮುಖ್ಯ ಅನ್ಸೋ ಭಾಗ, ನಿಧಾನವಾಗಿ ಓದಿ.

ನಮ್ಮ ಸುತ್ತಮುತ್ತಲ ಜಿಲ್ಲೆಗಳಲ್ಲಿ ಬೋರ್ ಸಾವಿರ ಅಡಿ ದಾಟೋದು ಮಾಮೂಲು ಆಗೋಗಿದೆ. ಸಾವಿರ ಅಡಿ ಅಂದ್ರೆ 305 ಮೀಟರ್. ಅಷ್ಟು ಆಳದಿಂದ ಸಾವಿರ ಲೀಟರ್ ನೀರು ಎತ್ತಕ್ಕೆ ಲೆಕ್ಕದ ಪ್ರಕಾರ 0.83 ಯೂನಿಟ್ ಬೇಕು, ಮೋಟರ್ ಪಂಪ್ ಎರಡೂ ಸೇರಿ ಅರ್ಧ ವೇಸ್ಟ್ ಮಾಡುತ್ತೆ ಅಂತ ಇಟ್ಕೊಂಡ್ರೆ ಸುಮಾರು 1.7 ಯೂನಿಟ್. ಈಗ ಮನೇಲಿರೋ ಇನ್ವರ್ಟರ್ ಬ್ಯಾಟರಿ ನೋಡಿ, 12 ವೋಲ್ಟ್ 150 ಆಂಪ್ ಅವರ್, ಗುಣಿಸಿದ್ರೆ 1.8 ಯೂನಿಟ್, ಅದೂ ಪೂರ್ತಿ ಖಾಲಿ ಮಾಡಿದ್ರೆ. ಅಂದ್ರೆ ಆಳದಿಂದ ಎತ್ತಿ ಮನೆ ಮೇಲಿನ ಒಂದು ಸಾವಿರ ಲೀಟರ್ ಟ್ಯಾಂಕ್ ತುಂಬಿಟ್ರೆ ಹೆಚ್ಚುಕಮ್ಮಿ ಒಂದು ಬ್ಯಾಟರಿ ತುಂಬಿಟ್ಟಂಗೆ. ಟ್ಯಾಂಕ್ ಇಪ್ಪತ್ತು ವರ್ಷ ಬರುತ್ತೆ, ಬ್ಯಾಟರಿ ನಾಲ್ಕೈದು ವರ್ಷ. ಹಗಲು ತ್ರೀ ಫೇಸ್ ಇದ್ದಾಗ ಎತ್ತಿ ನೆಲದ ಮೇಲೆ ಇಟ್ಕೊಂಡ ನೀರು ಅಂದ್ರೆ ಕೂಡಿಟ್ಟ ಕರೆಂಟೇ.

ತೋಟಕ್ಕೆ ಇದನ್ನ ಮಾಡೋದು ಕೃಷಿ ಹೊಂಡದಲ್ಲಿ. ಬೋರ್ ನೀರು ನೇರ ಡ್ರಿಪ್‌ಗೆ ಬಿಡ್ಬೇಡಿ, ಹೊಂಡಕ್ಕೆ ಅಥವಾ ತೊಟ್ಟಿಗೆ ಬಿಡಿ, ಅಲ್ಲಿಂದ 2 ಅಥವಾ 3 ಎಚ್‌ಪಿ ಸಣ್ಣ ಮೋಟರಲ್ಲಿ ಡ್ರಿಪ್‌ಗೆ. ಇದರಿಂದ ಎರಡು ಲಾಭ. ಬೋರ್ ನೀರು ಸಣ್ಣಗೆ ಬಂದ್ರೂ ಡ್ರಿಪ್‌ಗೆ ಒಂದೇ ಪ್ರೆಷರ್ ಸಿಗುತ್ತೆ, ಮತ್ತೆ ತ್ರೀ ಫೇಸ್ ಹೋದ್ರೂ ಆ ಸಣ್ಣ ಮೋಟರ್‌ನ ಸಿಂಗಲ್ ಫೇಸಲ್ಲೋ, ಸಣ್ಣ ಜನರೇಟರಲ್ಲೋ, ಸೋಲಾರಲ್ಲೋ ಓಡಿಸ್ಕೋಬಹುದು, ಹತ್ತು ಎಚ್‌ಪಿ ಸಬ್‌ಮರ್ಸಿಬಲ್‌ನ ಹಂಗೆ ಓಡಿಸಕ್ಕಾಗಲ್ಲ. ಟೊಮೆಟೊ ಹೂ ಬಿಡೋ ಟೈಮಲ್ಲಿ ಎರಡು ದಿನ ನೀರು ತಪ್ಪಿದ್ರೆ ಏನಾಗುತ್ತೆ ಅಂತ ಕೋಲಾರದೋರಿಗೆ ನಾನು ಹೇಳ್ಬೇಕಾಗಿಲ್ಲ, ಹಾಗಾಗಿ ಹೊಂಡ ಕನಿಷ್ಠ ಮೂರು ದಿನದ ನೀರು ಹಿಡಿಯೋ ಅಷ್ಟಿರಲಿ. ನಿಮ್ಮ ಬೆಳೆಗೆ ದಿನಕ್ಕೆ ಎಷ್ಟು ಲೀಟರ್ ಅಂತ ಡ್ರಿಪ್ಪರ್ ಲೆಕ್ಕದಲ್ಲಿ ಹಾಕಿ ಮೂರರಿಂದ ಗುಣಿಸಿ. ಕೃಷಿ ಭಾಗ್ಯದಲ್ಲಿ ಹೊಂಡಕ್ಕೆ, ಪ್ಲಾಸ್ಟಿಕ್ ಹೊದಿಕೆಗೆ ಸಹಾಯಧನ ಇರುತ್ತೆ, ರೈತ ಸಂಪರ್ಕ ಕೇಂದ್ರದಲ್ಲಿ ಈ ವರ್ಷದ್ದು ಕೇಳಿ. ಅಗಲ ಕಮ್ಮಿ ಆಳ ಜಾಸ್ತಿ ಮಾಡ್ಸಿ, ಬಿಸಿಲಿಗೆ ಆವಿಯಾಗೋದು ಕಮ್ಮಿಯಾಗುತ್ತೆ. ಸುತ್ತ ಬೇಲಿ, ಒಳಗೆ ಒಂದು ಹಗ್ಗ ಅಥವಾ ಟೈರ್ ಕಟ್ಟಿರೋ ಏಣಿ ತಪ್ಪದೆ ಹಾಕಿ, ಪ್ಲಾಸ್ಟಿಕ್ ಹೊದಿಕೆ ಜಾರುತ್ತೆ, ಬಿದ್ದ ಮಗು ಹತ್ತಿ ಬರಕ್ಕಾಗಲ್ಲ.

ಒಂದು ಎಚ್ಚರಿಕೆ. ಹಗಲು ಏಳು ಗಂಟೆ ಒಂದೇ ಸಮ ಕರೆಂಟ್ ಇದೆ ಅಂತ ಬೋರ್‌ನ ಏಳು ಗಂಟೆನೂ ಓಡಿಸ್ಬೇಡಿ, ನೀರು ಕೆಳಗೋಗಿ ಮೋಟರ್ ಒಣ ಓಡುತ್ತೆ. ಎರಡು ಗಂಟೆ ಓಡಿಸಿ ಒಂದು ಗಂಟೆ ಬಿಡೋ ಟೈಮರ್, ಜೊತೆಗೆ ಡ್ರೈ ರನ್ ಕಟ್ ಹಾಕ್ಸಿ.

ಮೋಟರ್ ಉಳಿಸ್ಕೊಳ್ಳೋದು

ಇಲ್ಲಿ ನಾನು ಕೈ ಸುಟ್ಕೊಂಡಿದ್ದೀನಿ. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಒಂದು ಫೇಸ್ ಹೋಯ್ತು, ಉಳಿದ ಎರಡರಲ್ಲೇ ಮೋಟರ್ ಓಡ್ತಾನೇ ಇತ್ತು, ನಾವು ಮದುವೆಗೆ ಹೋಗಿದ್ವಿ. ಒಂದು ಫೇಸ್ ಹೋದಾಗ ಉಳಿದ ಎರಡು ವೈರು ಸುಮಾರು 1.7 ಪಟ್ಟು ಆಂಪ್ಸ್ ಎಳೆಯುತ್ತೆ, ಸುತ್ತು ಬೆಂದು ಹೋಗಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಪೈಪ್ ಎತ್ತೋ ಗಾಡಿ, ಕೂಲಿ, ರಿವೈಂಡಿಂಗ್, ಮತ್ತೆ ಇಳಿಸೋದು, ಇಪ್ಪತ್ತೈದು ಸಾವಿರ ಹೋಯ್ತು, ಆರು ದಿನ ನೀರಿಲ್ಲ. ಅದನ್ನ ತಡೆಯೋ ಸಿಂಗಲ್ ಫೇಸ್ ಪ್ರಿವೆಂಟರ್ ಅದರ ಹತ್ತನೇ ಒಂದು ಪಾಲೂ ಇಲ್ಲ. ಪ್ಯಾನೆಲ್ ಬೋರ್ಡ್‌ನಲ್ಲಿ ಇದೆ ಅಂತ ಅಂಗಡಿಯಲ್ಲಿ ಹೇಳಿದ್ರು, ಇತ್ತು ಕೂಡ, ಆದ್ರೆ ಯಾರೋ ರಿಪೇರಿ ಮಾಡುವಾಗ ಬೈಪಾಸ್ ಮಾಡಿಟ್ಟು ಹೋಗಿದ್ರು. ಆದ್ದರಿಂದ ಇದೆಯಾ ಅಂತ ನೋಡಿದ್ರೆ ಸಾಲದು, ಕೆಲಸ ಮಾಡ್ತಿದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಒಂದು ಫೇಸ್ ಫ್ಯೂಸ್ ತೆಗೆಸಿ ಟೆಸ್ಟ್ ಮಾಡಿಸಿ.

ಸಿಂಗಲ್ ಫೇಸ್ ಬಂದಾಗ ಕನ್ವರ್ಟರ್ ಹಾಕಿ ತ್ರೀ ಫೇಸ್ ಮೋಟರ್ ಓಡಿಸೋ ಅಭ್ಯಾಸ ನಮ್ಮ ಕಡೆ ಇದೆ. ಬೇಡ. ಮೋಟರ್ ಆಯಸ್ಸು ಅರ್ಧ ಆಗೋದು ಒಂದು, ಆ ಹೊತ್ತಲ್ಲಿ ಊರಿನ ಮನೆಗಳ ವೋಲ್ಟೇಜ್ ಪೂರ್ತಿ ಬಿದ್ದೋಗೋದು ಇನ್ನೊಂದು, ಮಕ್ಕಳು ಓದ್ಕೊಳ್ಳೋ ಟೈಮಲ್ಲಿ.

ಇನ್ನು ಆಟೋ ಸ್ಟಾರ್ಟರ್ ವಿಷಯ. ಒಂದು ಟಿಸಿ ಮೇಲೆ ಎಂಟು ಹತ್ತು ಮೋಟರ್ ಇರ್ತವೆ, ಎಲ್ಲರೂ ಆಟೋಗೆ ಹಾಕಿ ಹೋಗಿರ್ತಾರೆ. ಕರೆಂಟ್ ಬಂದ ಅದೇ ಸೆಕೆಂಡಿಗೆ ಎಲ್ಲಾ ಒಟ್ಟಿಗೆ ಏಳ್ತವೆ. ಮೋಟರ್ ಏಳುವಾಗ ಮಾಮೂಲಿಗಿಂತ ಐದಾರು ಪಟ್ಟು ಆಂಪ್ಸ್ ಎಳೆಯುತ್ತೆ, ವೋಲ್ಟೇಜ್ ಕುಸಿಯುತ್ತೆ, ಯಾವುದೂ ಪೂರ್ತಿ ಸ್ಪೀಡ್ ಹಿಡಿಯಲ್ಲ, ಫ್ಯೂಸ್ ಹಾರುತ್ತೆ, ಇಲ್ಲಾಂದ್ರೆ ಟಿಸಿ ಸುಡುತ್ತೆ. ಆಮೇಲೆ ಎಲ್ಲಾರೂ ಲೈನ್‌ಮ್ಯಾನ್ ಮೇಲೆ ರೇಗಾಡ್ತೀವಿ. ನಾವು ಮಾಡಿದ್ದು ಇಷ್ಟು, ನಮ್ಮ ಟಿಸಿ ಮೇಲಿರೋ ಒಂಬತ್ತು ಜನ ಒಂದು ವಾಟ್ಸಾಪ್ ಗ್ರೂಪ್ ಮಾಡ್ಕೊಂಡು ಎಲ್ಲರ ಸ್ಟಾರ್ಟರ್‌ಗೂ ಆನ್ ಡಿಲೇ ಟೈಮರ್ ಹಾಕಿಸಿದ್ವಿ, ಮೊದಲ್ನೇವರದ್ದು ಎರಡು ನಿಮಿಷ, ಎರಡ್ನೇದು ನಾಲ್ಕು, ಹಿಂಗೆ ಹದಿನೆಂಟು ನಿಮಿಷದವರೆಗೆ. ಮೇಲಿನ ತೋಟದ ದೊಡ್ಡಪ್ಪ ಒಬ್ಬರು ಒಪ್ಪಲಿಲ್ಲ, "ನಾನ್ಯಾಕಪ್ಪ ಹದಿನೆಂಟು ನಿಮಿಷ ಕಾಯ್ಲಿ, ನನ್ ನೀರು ಹೋಗಲ್ವಾ" ಅಂದ್ರು. "ದೊಡ್ಡಪ್ಪ, ಟಿಸಿ ಸುಟ್ರೆ ಮೂರು ದಿನ ಕಾಯ್ತೀರಲ್ಲ, ಅದಕ್ಕಿಂತ ಇದು ವಾಸಿ ಅಲ್ವಾ" ಅಂದ್ಮೇಲೆ ಅವರೇ ಟೈಮರ್ ತಂದ್ರು. ಆವತ್ತಿಂದ ನಮ್ಮ ಟಿಸಿ ಸುಟ್ಟಿಲ್ಲ.

ಟಿಸಿ ಮೇಲೆ ಎಷ್ಟು ಲೋಡ್ ಅಂತ ನೀವೇ ಅಂದಾಜು ಹಾಕಬಹುದು. ಟಿಸಿ ಮೇಲೆ 25, 63, 100 ಅಂತ ಕೆವಿಎ ಬರೆದಿರುತ್ತೆ, ಅದು ಎಷ್ಟು ಲೋಡ್ ತಡೆಯುತ್ತೆ ಅನ್ನೋ ಲೆಕ್ಕ. 10 ಎಚ್‌ಪಿ ಮೋಟರ್ ಒಂದಕ್ಕೆ 10ರಿಂದ 11 ಕೆವಿಎ, 5 ಎಚ್‌ಪಿಗೆ ಅದರ ಅರ್ಧ. ಅಂದ್ರೆ 63ರ ಟಿಸಿ ಮೇಲೆ ಹತ್ತು ಎಚ್‌ಪಿ ಆರು ಓಡಿದ್ರೆ ಅದು ತುಂಬೋಯ್ತು. ಆರ್‌ಆರ್ ನಂಬರ್‌ನಲ್ಲಿ (ಬಿಲ್ ಮೇಲಿರೋ ಸಂಪರ್ಕದ ನಂಬರ್) 5 ಎಚ್‌ಪಿ ಅಂತ ಬರೆಸಿ ಕೆಳಗೆ 10 ಇಳಿಸಿರೋರು ಇರ್ತಾರೆ, ಅದನ್ನ ನೋಡಿ ಆಫೀಸಿನೋರು ಟಿಸಿ ಸಾಕು ಅಂತ ಲೆಕ್ಕ ಹಾಕ್ತಾರೆ. ಇರೋದನ್ನ ಇದ್ದಂಗೆ ಬರೆಸಿದ್ರೇನೇ ದೊಡ್ಡ ಟಿಸಿ ಕೇಳಕ್ಕೆ ಬಾಯಿ ಬರೋದು. 10 ಎಚ್‌ಪಿವರೆಗೂ ಪಂಪ್‌ಸೆಟ್‌ಗೆ ಬಿಲ್ ಇಲ್ಲ, ಆದ್ದರಿಂದ ಮುಚ್ಚಿಡೋದಕ್ಕೆ ಕಾರಣನೂ ಇಲ್ಲ.

ಕೆಪಾಸಿಟರ್ ಹಾಕ್ಸಿ, ಐಎಸ್‌ಐ ಮಾರ್ಕ್ ಇರೋದು, 5 ಎಚ್‌ಪಿಗೆ 2 ಕೆವಿಎಆರ್, 7.5ಕ್ಕೆ 3, 10ಕ್ಕೆ 4. ಮೋಟರ್ ಲೈನಿಂದ ಎಳೆಯೋ ಆಂಪ್ಸ್ ಕಮ್ಮಿಯಾಗುತ್ತೆ, ಒಬ್ಬರು ಹಾಕಿದ್ರೆ ಅಷ್ಟು ಗೊತ್ತಾಗಲ್ಲ, ಒಂದು ಟಿಸಿಯೋರೆಲ್ಲ ಹಾಕಿದ್ರೆ ಲೈನ್ ಕೊನೇಲಿರೋರ ವೋಲ್ಟೇಜ್ ಎದ್ದು ಕಾಣೋ ಹಂಗೆ ಏರುತ್ತೆ.

ಮನೆಗೆ ಇನ್ವರ್ಟರ್

ಮೂರನೇ ಪಾಲಿನ ಪಟ್ಟಿ ತೆಗೀರಿ, ಉದಾಹರಣೆಗೆ ಒಂದು ಸಣ್ಣ ಮನೇದು ನೋಡೋಣ. ಎಲ್‌ಇಡಿ ಬಲ್ಬ್ ಐದು, ಒಂದೊಂದು 9 ವ್ಯಾಟ್. ಫ್ಯಾನ್ ಎರಡು, ಹಳೇದು ಒಂದಕ್ಕೆ 75, ಕಮ್ಮಿ ಕರೆಂಟ್ ತಿನ್ನೋ ಹೊಸ ಬಿಎಲ್‌ಡಿಸಿ ಫ್ಯಾನ್ ಆದ್ರೆ 30. ರೂಟರ್ 10, ಟಿವಿ 60. ಹಳೇ ಫ್ಯಾನ್ ಇದ್ರೆ 265 ವ್ಯಾಟ್, ಬಿಎಲ್‌ಡಿಸಿ ಹಾಕಿದ್ರೆ 175. 150 ಆಂಪ್ ಅವರ್ ಟ್ಯುಬುಲರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದ್ರೆ ಸಾವಿರ ವ್ಯಾಟ್ ಅವರ್ ಮಾತ್ರ ಬಳಸ್ಕೊಳ್ಳೋದು ಒಳ್ಳೇದು. ಹಳೇ ಫ್ಯಾನ್‌ಗೆ ಮೂರೂಮುಕ್ಕಾಲು ಗಂಟೆ, ಹೊಸದಕ್ಕೆ ಐದೂವರೆ ಗಂಟೆ. ಎರಡನೇ ಬ್ಯಾಟರಿ ತರೋ ದುಡ್ಡಲ್ಲಿ ಮನೆ ಫ್ಯಾನೆಲ್ಲ ಬದಲಾಯಿಸಬಹುದು, ಅದನ್ನೇ ಮೊದಲು ಮಾಡಿ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಬೋರ್ ನೀರು ಪಾತ್ರೆ ಮೇಲೇ ಬಿಳಿ ಕಟ್ಟುತ್ತೆ, ಅದನ್ನ ಬ್ಯಾಟರಿಗೆ ಸುರಿದ್ರೆ ಕಥೆ ಮುಗೀತು. ಮೂರು ತಿಂಗಳಿಗೊಮ್ಮೆ ಲೆವೆಲ್ ನೋಡಿ. ದಿನಕ್ಕೆ ಎರಡು ಮೂರು ಸಲ ಹೋಗಿ ಬಂದು ಮಾಡೋ ಕಡೆ ಲಿಥಿಯಂ ವಾಸಿ, ಬೇಗ ಚಾರ್ಜ್ ಆಗುತ್ತೆ, ನೀರು ಹಾಕೋ ರಗಳೆ ಇಲ್ಲ, ದುಡ್ಡು ಮಾತ್ರ ಜಾಸ್ತಿ. ಟ್ಯುಬುಲರ್ ಪೂರ್ತಿ ತುಂಬಕ್ಕೆ ಹತ್ತು ಗಂಟೆ ಮೇಲೆ ಬೇಕು. ತೋಟದ ಮನೆಯೋರು ಇರೋ ಇನ್ವರ್ಟರ್‌ಗೆ ಸೋಲಾರ್ ಚಾರ್ಜ್ ಕಂಟ್ರೋಲರ್ ಹಾಕಿ 300, 400 ವ್ಯಾಟ್ ಪ್ಯಾನೆಲ್ ಜೋಡಿಸಿದ್ರೆ ಹಗಲಲ್ಲೇ ತುಂಬ್ಕೊಳ್ಳುತ್ತೆ, ಹಿಂಗೆ ಮಾಡ್ಕೊಂಡಿರೋರ ಸಂಜೆಗಳು ನೆಮ್ಮದಿಯಾಗಿವೆ.

ಮಾಳಿಗೆ ಮೇಲೆ ಸೋಲಾರ್ ಹಾಕ್ಬೇಕಾ?

ಪಕ್ಕದೂರಿನ ತಮ್ಮ ಒಬ್ಬ 3 ಕಿಲೋವ್ಯಾಟ್ ಹಾಕಿಸಿ ಮೊದಲ ವಾರನೇ ಫೋನ್ ಮಾಡ್ದ, "ಅಣ್ಣ, ಮಧ್ಯಾಹ್ನ ಇಷ್ಟು ಬಿಸಿಲಿದೆ, ಲೈನ್ ಕರೆಂಟ್ ಹೋಯ್ತು, ನಮ್ಮ ಸೋಲಾರೂ ಆಫ್ ಆಗೋಯ್ತು, ಮೋಸ ಮಾಡ್ಬಿಟ್ರಾ?" ಅಂತ. ಮೋಸ ಅಲ್ಲ, ಆನ್ ಗ್ರಿಡ್ ಸೋಲಾರ್, ಅಂದ್ರೆ ಬ್ಯಾಟರಿ ಇಲ್ದೆ ಲೈನಿಗೆ ಜೋಡಿಸಿರೋ ಸೋಲಾರ್, ಇರೋದೇ ಹಂಗೆ. ಲೈನಲ್ಲಿ ಕರೆಂಟ್ ಇಲ್ದಾಗ ನಿಮ್ಮನೆಯಿಂದ ಕರೆಂಟ್ ಲೈನ್‌ಗೆ ಹೋದ್ರೆ ಕಂಬದ ಮೇಲೆ ಕೆಲಸ ಮಾಡ್ತಿರೋನ ಜೀವ ಹೋಗುತ್ತೆ, ಅದಕ್ಕೆ ಅದು ತಾನೇ ಬಂದ್ ಆಗುತ್ತೆ. ಕರೆಂಟ್ ಹೋದಾಗ್ಲೂ ಬೇಕು ಅಂದ್ರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಇದನ್ನ ಹಾಕ್ಸೋ ಮುಂಚೆನೇ ಕೇಳಬೇಕು, ಆಮೇಲೆ ಬದಲಾಯಿಸೋದು ದುಬಾರಿ.

ಎರಡನೇ ಪ್ರಶ್ನೆ ನಿಮ್ಮ ಬಿಲ್ ಎಷ್ಟು? ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರ್ತಿದ್ರೆ ಆನ್ ಗ್ರಿಡ್ ಸೋಲಾರ್‌ನಿಂದ ನಿಮಗೆ ಉಳಿಯೋದು ಬಹಳ ಕಮ್ಮಿ, ಕರೆಂಟ್ ಹೋದಾಗ ಉಪಯೋಗನೂ ಇಲ್ಲ, ಆ ದುಡ್ಡನ್ನ ಒಳ್ಳೇ ಬ್ಯಾಟರಿಗೆ, ಹೊಂಡಕ್ಕೆ ಹಾಕಿ ಅಂತ ನಾನು ಹೇಳ್ತೀನಿ. ತಿಂಗಳಿಗೆ 200 ಯೂನಿಟ್ ದಾಟೋ ಮನೆಗಳಿಗೆ ಲೆಕ್ಕ ಬೇರೆ, 200 ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಅವರಿಗೆ ಸೋಲಾರ್ ಚೆನ್ನಾಗಿ ಗಿಟ್ಟುತ್ತೆ. ಅಂಗಡಿ, ಹೋಟೆಲ್, ರೀಲಿಂಗ್ ಘಟಕದೋರಿಗೂ ಅಷ್ಟೇ, ಅವರು ಕೆಲಸ ಮಾಡೋದೇ ಹಗಲಲ್ಲಿ.

ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತೆ, ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕು. ತೆಂಗಿನಮರದ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ರೂ ಆ ಸಾಲಿನದ್ದೇ ಕಮ್ಮಿಯಾಗುತ್ತೆ, ತಿಪಟೂರು ತುರುವೇಕೆರೆ ಕಡೆಯೋರು ಇದನ್ನ ಗಮನಿಸಿ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವ್ಯಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಮೇಲೆ ಎಷ್ಟೇ ಹಾಕಿದ್ರೂ 78 ಸಾವಿರ ಸಬ್ಸಿಡಿ. ಪ್ಯಾನೆಲ್ ನಮ್ಮ ದೇಶದಲ್ಲೇ ತಯಾರಾಗಿದ್ದು ಇರಬೇಕು, ದುಡ್ಡು ಕೆಲಸ ಮುಗಿದು ಪರಿಶೀಲನೆ ಆದ್ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತೆ. ಅರ್ಜಿ ಹಾಕೋ ಮುಂಚೆ ಮೀಟರ್ ಯಾರ ಹೆಸರಲ್ಲಿದೆ ನೋಡಿ, ತಾತನ ಹೆಸರಲ್ಲೇ ಉಳಿದಿದ್ರೆ ಮೊದಲು ಹೆಸರು ಬದಲಾವಣೆ ಮಾಡಿಸಿ, ಎಷ್ಟೋ ಜನ ಇಲ್ಲೇ ತಿಂಗಳುಗಟ್ಟಲೆ ಸಿಕ್ಕಾಕ್ಕೊಳ್ತಾರೆ. ಧೂಳು ತೊಳೆಯಕ್ಕೆ ಗಡಸು ನೀರು ಸುರಿದು ಹಂಗೇ ಬಿಡ್ಬೇಡಿ, ಬಿಳಿ ಕಲೆ ಕೂರುತ್ತೆ, ಬೆಳಗ್ಗೆ ಪ್ಯಾನೆಲ್ ತಣ್ಣಗಿದ್ದಾಗ ಒರೆಸಿ.

ಸ್ಮಾರ್ಟ್ ಮೀಟರ್ ಬಂದ್ಮೇಲೆ ಹೊತ್ತಿಗೊಂದು ರೇಟ್ ಬರೋ ದಾರೀಲಿದೆ. 2023ರಲ್ಲಿ ಕೇಂದ್ರ ಸರ್ಕಾರ ತಿದ್ದಿದ ನಿಯಮದಲ್ಲಿ ಸೋಲಾರ್ ಸಿಗೋ ಹಗಲು ಹೊತ್ತಲ್ಲಿ ಶೇಕಡಾ 10ರಿಂದ 20 ಕಮ್ಮಿ, ಸಂಜೆ ಪೀಕ್‌ನಲ್ಲಿ ಜಾಸ್ತಿ ಅಂತ ಇದೆ. ಆಗ ಹಗಲಿಗೆ ಕೆಲಸ ತಳ್ಳೋದು ಬಿಲ್‌ನಲ್ಲೇ ಕಾಣುತ್ತೆ. ಈಗ್ಲೇ ರೂಢಿ ಮಾಡ್ಕೊಂಡೋರಿಗೆ ಆವಾಗ ಕಷ್ಟ ಇರಲ್ಲ.

ಸೋಲಾರ್ ಪಂಪ್ ಬಗ್ಗೆ ಚಿಕ್ಕದಾಗಿ. ಕುಸುಮ್ ಬಿ ಯೋಜನೆಯಲ್ಲಿ ಕೇಂದ್ರದ್ದು 30, ರಾಜ್ಯದ್ದು 50, ರೈತರು ಶೇಕಡಾ 20 ಹಾಕೋದು, ಅರ್ಜಿ ಸೌರಮಿತ್ರ ಪೋರ್ಟಲ್‌ನಲ್ಲಿ. ಲೈನಿಂದ ದೂರ ಇರೋ ಬೋರ್, ತೆರೆದ ಬಾವಿ, ಆಳ ಕಮ್ಮಿ ಇರೋ ಕಡೆ ಇದು ವರದಾನ. ಸಾವಿರದ ಇನ್ನೂರು ಅಡಿ ಬೋರ್‌ಗೆ ಮಾತ್ರ ಯೋಚನೆ ಮಾಡಿ, ಅಷ್ಟು ಆಳದಿಂದ ಸೆಕೆಂಡಿಗೆ ಒಂದು ಲೀಟರ್ ಎತ್ತಕ್ಕೇ ಹತ್ತತ್ರ 10 ಎಚ್‌ಪಿ ಬೇಕು, ಮೋಡದ ದಿನ ನೀರು ಮೇಲಕ್ಕೇ ಬರಲ್ಲ. ಅಂಥವರು ಬೋರ್‌ನ ಲೈನ್ ಮೇಲೇ ಬಿಟ್ಟು ಹೊಂಡದಿಂದ ಡ್ರಿಪ್‌ಗೆ ಮಾತ್ರ ಸೋಲಾರ್ ಇಟ್ಕೊಳ್ಳೋದು ಸರಿ.

ಏನಾದ್ರೂ ಆದಾಗ

ಗೋಡೆ ಮೇಲೆ ಒಂದು ಚೀಟಿ ಅಂಟಿಸಿ. ಬೆಸ್ಕಾಂ 1912, ನಿಮ್ಮ ಆರ್‌ಆರ್ ನಂಬರ್, ಟಿಸಿ ಕಂಬದ ಮೇಲೆ ಬರೆದಿರೋ ನಂಬರ್, ಸೆಕ್ಷನ್ ಆಫೀಸ್ ಫೋನ್. ಲೈನ್‌ಮ್ಯಾನ್‌ಗೆ ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ, 1912ಕ್ಕೆ ಮಾಡಿ ದೂರಿನ ನಂಬರ್ ತಗೊಳ್ಳಿ. ಟಿಸಿ ಸುಟ್ರೆ ಹಳ್ಳಿ ಕಡೆ 72 ಗಂಟೆ, ಪಟ್ಟಣದಲ್ಲಿ 24 ಗಂಟೆಯೊಳಗೆ ಬದಲಾಯಿಸ್ಬೇಕು ಅಂತ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಮಾನದಂಡ ಇದೆ, ಆ ಗಡುವು ಕೇಳಕ್ಕೆ ದೂರಿನ ನಂಬರ್ ಬೇಕೇ ಬೇಕು.

ಇದ್ದಕ್ಕಿದ್ದಂಗೆ ಒಂದು ಬಲ್ಬ್ ಸಿಕ್ಕಾಪಟ್ಟೆ ಉರಿದು ಇನ್ನೊಂದು ಮಂಕಾದ್ರೆ ನ್ಯೂಟ್ರಲ್ ಕಟ್ ಆಗಿದೆ ಅಂತ ಅರ್ಥ, 230 ಇರೋ ಕಡೆ 350, 400 ಬರಬಹುದು. ಟಿವಿ ಆಫ್ ಮಾಡಕ್ಕೆ ಓಡ್ಬೇಡಿ, ಮೇನ್ ಸ್ವಿಚ್ಚೇ ಇಳಿಸಿ, ಆಮೇಲೆ ಫೋನ್ ಮಾಡಿ. ಅರ್ಥಿಂಗ್ ಗುಂಡಿಗೆ ಬೇಸಿಗೆ ಶುರುವಾಗೋ ಮುಂಚೆ, ಶಿವರಾತ್ರಿ ಹೊತ್ತಿಗೆ, ನೀರು ಹಾಕಿಸಿ ಚೆಕ್ ಮಾಡಿಸಿ. ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ ಸ್ವಿಚ್) ಇಲ್ಲದ ಮನೇಲಿ ಮೊದಲು ಅದನ್ನ ಹಾಕ್ಸಿ, ಇನ್ವರ್ಟರ್ ಸೋಲಾರ್ ಎಲ್ಲಾ ಆಮೇಲೆ.

ಜನರೇಟರ್ ಇಟ್ಕೊಂಡಿರೋರು ಒಂದು ಮಾತು ಕೇಳಿ. ಎರಡೂ ಕಡೆ ಪಿನ್ ಇರೋ ವೈರ್‌ನ ಸಾಕೆಟ್‌ಗೆ ಚುಚ್ಚಿ ಮನೆಗೆ ಕರೆಂಟ್ ಕೊಡೋದನ್ನ ಎಷ್ಟೋ ಕಡೆ ನೋಡಿದ್ದೀನಿ. ಮೇನ್ ಇಳಿಸೋದು ಒಂದು ಸಲ ಮರೆತ್ರೂ ಆ ಕರೆಂಟ್ ಲೈನ್‌ಗೆ ಹೋಗಿ, ಟಿಸಿಯಲ್ಲಿ 11 ಸಾವಿರ ವೋಲ್ಟ್ ಆಗಿ, ನಮ್ಮ ಕರೆಂಟ್ ಸರಿ ಮಾಡಕ್ಕೆ ಅಂತ್ಲೇ ಮಳೇಲಿ ಕಂಬ ಹತ್ತಿರೋ ಹುಡುಗನ್ನ ಹೊಡೆಯುತ್ತೆ. ಚೇಂಜ್ ಓವರ್ ಸ್ವಿಚ್ ಇಲ್ದೆ ಜನರೇಟರ್ ಸ್ಟಾರ್ಟ್ ಮಾಡ್ಬೇಡಿ. ಒಂದು ಕಡೆಗೆ ತಿರುಗಿಸಿದ್ರೆ ಲೈನು, ಇನ್ನೊಂದು ಕಡೆಗೆ ಜನರೇಟರ್, ಎರಡೂ ಒಟ್ಟಿಗೆ ಸೇರಕ್ಕೆ ದಾರಿನೇ ಇರಲ್ಲ. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ, ಈ ವಾರನೇ ಕರೆಸಿ.